ಗ್ರಾಂಗೆ ಮೂರು ಗುಂಟೆ

ಎರಡು. ಎರಡೇ. ಎರಡೂಕಾಲು ಆಗಿದ್ದರೆ ಪ್ರಳಯ.

ದೇವಿಂದ್ರ ಗೋಡೆಯ ಮೀಟರಿನ ಮುಂದೆ ಉಸಿರು ಬಿಗಿಹಿಡಿದು ನಿಂತಿದ್ದ. ಮುಖಕ್ಕೆ ಮಾಸ್ಕು, ಕೈಗೆ ಗ್ಲೌಸು, ಬೂಟಿಗೆ ಪ್ಲಾಸ್ಟಿಕ್ ಚೀಲ. ಮನುಷ್ಯನ ಉಸಿರಿನಲ್ಲಿ ನೀರಿರುತ್ತದೆ ಎಂಬುದನ್ನು ಅವನು ತನಗಾದ ಸ್ವಂತ ಅವಮಾನವೆಂದೇ ತಿಳಿದಿದ್ದ.

ಕೋಣೆಯ ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ತೇವ. ಸಹಾರಾ ಮರುಭೂಮಿ ಇದನ್ನು ನೋಡಿದ್ದರೆ ನಾಚಿ ಎರಡು ಮಳೆ ಸುರಿಸಿಬಿಡುತ್ತಿತ್ತು. ಯಾದಗಿರಿಯಿಂದ ಹಿಡಿದು ನಿಜಾಮರು ಆಳಿದ ಕಟ್ಟಕಡೆಯ ಊರಿನ ತನಕ ಇಷ್ಟು ಒಣಗಿದ ಜಾಗ ಇನ್ನೊಂದಿರಲಿಲ್ಲ, ಬೇಸಿಗೆಯಲ್ಲಿ ಸೈದಾಪುರ ಸ್ಟೇಷನ್ನಿನ ನಲ್ಲಿಯೊಂದನ್ನು ಬಿಟ್ಟರೆ.

ಇಷ್ಟೆಲ್ಲ ರಾಜೋಪಚಾರ ಒಂದು ಬಿಳಿ ಪುಡಿಗೆ. ಅದು ಕೋಣೆಯ ನಡುವೆ, ನೈಟ್ರೋಜನ್ ತುಂಬಿದ ಗಾಜಿನ ಪೆಟ್ಟಿಗೆಯೊಳಗೆ, ಹೊರಗಿನಿಂದ ತೂರಿಸಿದ ರಬ್ಬರ್ ಕೈಗವಸುಗಳಿಗಷ್ಟೇ ಮುಟ್ಟಗೊಡುತ್ತ ಕೂತಿತ್ತು. ಅಲ್ಯೂಮಿನಿಯಂ ಫ್ಲೋರೈಡ್. ಅಂಗಡಿಯಲ್ಲಿ ಮೂಟೆಗಟ್ಟಲೆ ಸಿಗುವ ಇದರ ಜಾತಿಬಾಂಧವರು ಇದರ ಮುಂದೆ ಜಲ್ಲಿಕಲ್ಲು. ಹನಿ ನೀರಿಲ್ಲದ ಸ್ಪಿರಿಟ್ಟಿನಲ್ಲಿ ಅಲ್ಯೂಮಿನಿಯಮ್ಮಿನ ಒಂದು ಸಂಯುಕ್ತ ಕರಗಿಸಿ, ಅದಕ್ಕೆ ಫ್ಲೋರಿನ್ನಿನ ಆಮ್ಲವನ್ನು ತೊಟ್ಟುತೊಟ್ಟಾಗಿ ಇಳಿಸಿ, ಅದು ಆರಿದ ಅಂಬಲಿಯಂತೆ ಹೆಪ್ಪುಗಟ್ಟಿದ ಮೇಲೆ ಸ್ಪಿರಿಟ್ಟನ್ನು ಅದರ ಅರಿವಿಗೇ ಬಾರದ ಹಾಗೆ ಪಂಪು ಹಚ್ಚಿ ಎಳೆದು, ಕೊನೆಗೆ ಬಿಸಿ ಅನಿಲದಲ್ಲಿ ಬಾಡಿಸಿ ದೇವಿಂದ್ರ ಇದನ್ನು ಹೆತ್ತಿದ್ದ. ಕಣ್ಣಿಗೆ ಮೈದಾಹಿಟ್ಟು. ಒಳಗೆ ಬರೀ ತೂತು, ಬರೀ ಗೋಡೆ, ಬರೀ ಮೈ. ಒಂದು ಗ್ರಾಂ ಪುಡಿಯ ಒಳಮೈಯನ್ನೆಲ್ಲ ಬಿಚ್ಚಿ ಹಾಸಿದರೆ ಮುನ್ನೂರ ಐದು ಚದರ ಮೀಟರ್.

ಆ ಮೈಯ ತುಂಬಾ ಹಸಿದ ಬಾಯಿಗಳು. ಏಸಿಗೆ, ಫ್ರಿಜ್ಜಿಗೆ ಬೇಕಾಗುವ ಅನಿಲ ತಯಾರಿಸಲು ಬುಸುಗುಡುವ ಆಮ್ಲಗಳ ಪೀಪಾಯಿ ಬೇಡ, ಇದೊಂದು ಮುಷ್ಟಿ ಸಾಕು. ಕೆಲಸ ಮಾಡಿಸುತ್ತದೆ, ತಾನು ಸವೆಯುವುದಿಲ್ಲ. ಹೆಡ್ಡಾಫೀಸಿನವರ ಹಾಗೆ. ರೋಗ ಒಂದೇ. ಆ ಬಾಯಿಗಳಿಗೆ ಮೊದಲು ನೀರು ಸಿಕ್ಕಿತೋ, ನೀರನ್ನೇ ಕಚ್ಚಿಕೊಂಡು ಮುಚ್ಚಿಬಿಡುತ್ತವೆ. ಆಮೇಲೆ ಅದು ಹಲ್ಲುಜ್ಜಲಿಕ್ಕೂ ಬಾರದು.

ಮುನ್ನೂರ ಐದು ಎಂಬ ಅಂಕಿ ಬಂದದ್ದು ಒಂದೇ ಸಲ, ಹೋದ ವರ್ಷದ ಮಾರ್ಚ್ ತಿಂಗಳಲ್ಲಿ. ಆಮೇಲೆ ಹನ್ನೊಂದು ಸಲ ಮಾಡಿದ. ಹನ್ನೊಂದು ಸಲವೂ ನೂರೈವತ್ತು ದಾಟಲಿಲ್ಲ. ಈ ಪುಡಿ ಹನ್ನೆರಡನೆಯದು, ಇನ್ನೂ ಅಳೆದಿರಲಿಲ್ಲ. ಇವತ್ತು ಹನ್ನೊಂದು ಗಂಟೆಗೆ ಹೈದರಾಬಾದಿನಿಂದ ಸಾಹೇಬರು ಬಂದು ತಮ್ಮ ಕಣ್ಣೆದುರೇ ಅಳೆಸುವವರಿದ್ದರು. ಇನ್ನೂರು ದಾಟಿದರೆ ಟನ್ನುಗಟ್ಟಲೆ ಮಾಡುವ ಘಟಕ, ಅದಕ್ಕೆ ಡಾಕ್ಟರ್ ದೇವಿಂದ್ರ ಮುಖ್ಯಸ್ಥ. ದಾಟದಿದ್ದರೆ ಲ್ಯಾಬಿಗೆ ಬೀಗ, ಡಾಕ್ಟರ್ ದೇವಿಂದ್ರನಿಗೆ ಕಾರ್ಖಾನೆಯ ಹೊಲಸು ನೀರು ತಿಳಿಮಾಡುವ ಹೊಂಡದ ಮೇಲೆ ಮೂರು ಪಾಳಿ.

ನೀರು! ಸಾಹೇಬರಿಗೂ ಶಿಕ್ಷೆ ಹುಡುಕುವ ಕಲೆ ಗೊತ್ತಿತ್ತು.

ಬೆಳಿಗ್ಗೆ ಯಾದಗಿರಿಯ ಬಾಡಿಗೆ ಮನೆಯಲ್ಲಿ ಹೆಂಡತಿ ಮೋನಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು. "ಹಿರೇರ ಅಮಾಸಿ ದಿನ ಜಳಕಾ ಇಲ್ದ ಹೊಂಟೀರಲ್ಲ, ನಾಚಿಗಿ ಬರಂಗಿಲ್ಲೇನು?"

"ಸಂಜೀಕ ಮಾಡ್ತೀನಿ."

"ಹೋದ ತಿಂಗಳ ಪರೀಕ್ಷಾ ಇದ್ದಾಗೂ ಹಂಗಾ ಅಂದಿದ್ರಿ. ಎಲ್ಲಾರೂ ನೀರಿಗಾಗಿ ಬಡದಾಡ್ತಾರ, ನೀವು ನೀರ ಕಂಡ್ರ ಓಡ್ತೀರಿ. ನಾಯಿ ಕಡದದೇನು?"

ಮೋನಮ್ಮ ಕೆಂಭಾವಿ ಕಡೆಯವಳು, ಕಾಲುವೆಯ ಮಗಳು. ಅವಳ ತವರಿನಲ್ಲಿ ಕಾಲುವೆ ಬಂದು ಭತ್ತ ಬಂದಿತ್ತು, ಭತ್ತ ಬಂದು ಸೊಳ್ಳೆ ಬಂದಿತ್ತು, ಸೊಳ್ಳೆ ಬಂದು ದೊಡ್ಡಸ್ತಿಕೆ ಬಂದಿತ್ತು. ಮಾವನ ಮನೆಯ ಗೋಡೆಗೆ ಬೆನ್ನು ಕೊಟ್ಟರೆ ಅಂಗಿ ಹಿಂಡಬಹುದಾಗಿತ್ತು. ದೇವಿಂದ್ರ ಅಲ್ಲಿಗೆ ಹೋಗುವುದನ್ನು ಬಿಟ್ಟು ಎರಡು ವರ್ಷವಾಗಿತ್ತು. ಅವಳ ಹಸಿ ಕೂದಲನ್ನು ಬಳಸಿ, ಮೈ ಓರೆ ಮಾಡಿ ಬಾಗಿಲು ದಾಟಿದ್ದ.

"ಸರ್."

ಒಣಕೋಣೆಯ ಹೊರಬಾಗಿಲಿನ ಗಾಜಿಗೆ ಮಸ್ತಾನಸಾಬನ ಗಡ್ಡ ಒತ್ತಿಕೊಂಡಿತ್ತು. ಈ ಲ್ಯಾಬಿನ ಗೋಡೆ ಕಟ್ಟಿದ ಗೌಂಡಿ ಅವನೇ. ಕಟ್ಟಿ ಮುಗಿದ ಮೇಲೆ ಅಲ್ಲೇ ಸಹಾಯಕನಾಗಿ ಉಳಿದುಕೊಂಡಿದ್ದ. ದೇವಿಂದ್ರನ ಅಪ್ಪನಿಗೆ ಬೀಡಿಯ ದೋಸ್ತ. ಕಾರ್ಖಾನೆಗೆ ಜಮೀನು ಬಿಟ್ಟುಕೊಟ್ಟವರ ಪೈಕಿ ಅವನೂ ಒಬ್ಬ.

"ಗೇಟಿಗಿ ನಿಮ್ಮವ್ವ ಬಂದಾಳ್ರಿ. ಕಾಕಾನೂ ಬಂದಾನ. ಬುಟ್ಟಿ ಐತಿ."

"ವರ್ಷದಂಗ ಕಂಪೌಂಡ್ ಗ್ವಾಡಿ ಬಲ್ಲಿ ಎಡಿ ಇಟ್ಟು ಹೋಗ್ರಿ ಅನ್ನು."

"ಗ್ವಾಡಿ ಬಲ್ಲಿ ಒಲ್ಲೆ ಅಂತಾಳ."

"ಯಾಕಂತ?"

ಮಸ್ತಾನಸಾಬ ಮೇಲೆ ನೋಡಿದ. ಮೇಲೆ ಟ್ಯೂಬ್‌ಲೈಟು ಬಿಟ್ಟರೆ ಏನೂ ಇರಲಿಲ್ಲ. "ಅಕಿ ಕೇಳಿದ್ಲರಿ. ವಯಸ್ಸಾದ ಹೆಣಮಗಳು. ಸುಳ್ಳು ಹೇಳಾಕ ನಾಲಗಿ ಬರಲಿಲ್ಲ. ಹೇಳಿಬಿಟ್ಟೆ."

ದೇವಿಂದ್ರ ಗಾಜಿಗೆ ಬೆನ್ನು ತಿರುಗಿಸಿದ. ಮೀಟರ್ ನೋಡಿದ. ಎರಡು.

ಈ ಸೀಮೆಯಲ್ಲಿ ಸತ್ತವರನ್ನು ತಮ್ಮ ಹೊಲದಲ್ಲೇ ಹೂಳುತ್ತಾರೆ, ಹಿರಿಯರ ಅಮಾವಾಸ್ಯೆಗೆ ಗೋರಿಯ ಮೇಲೆ ಎಡೆ ಇಡುತ್ತಾರೆ. ದೇವಿಂದ್ರನ ಅಪ್ಪ ಹಣಮಂತ್ರಾಯ ಇಪ್ಪತ್ತು ವರ್ಷ ಕಾಲುವೆಗೆ ಕಾದವನು. ಸರ್ವೇದವರು ಕಲ್ಲು ನೆಟ್ಟು ಹೋದ ದಿನ ಊರಿಗೆಲ್ಲ ಚಹಾ ಕುಡಿಸಿದ್ದ. ಆ ಕಲ್ಲಿಗೆ ಎಮ್ಮೆ ಕಟ್ಟಿ ಕಟ್ಟಿ ಕಲ್ಲು ಸವೆಯಿತು, ಕಾಲುವೆ ಅತ್ತ ಶಹಾಪುರ, ಸುರಪುರದ ಕಡೆಗೇ ಹರಿಯಿತು. ಆದರೂ ಅವನ ನಂಬಿಕೆ ಎಂಥದೆಂದರೆ, ಸಾಯುವ ಮೊದಲು ಒಂದೇ ಮಾತು ಹೇಳಿದ್ದ: "ನನ್ನ ದಿಬ್ಬದ ಮ್ಯಾಲ ಇಡ್ರಿ. ನಾಳೆ ಕಾಲುವಿ ಬಂದ್ರ ನಾ ತೊಯ್ಯಬಾರದು."

ದಿಬ್ಬದ ಮೇಲೆ ಇಟ್ಟರು. ಮೂರು ವರ್ಷಕ್ಕೆ ಕಾರ್ಖಾನೆಗಳಿಗೆಂದು ಸೀಮೆಯ ಹೊಲವೆಲ್ಲ ಹೋಯಿತು, ನಾಲ್ಕು ಎಕರೆ ದಿಬ್ಬಸಮೇತ ಇವರದೂ ಹೋಯಿತು. ಮುಂದೆ ಅದೇ ಕಾರ್ಖಾನೆಗೆ ಡಾಕ್ಟರೇಟ್ ಹೊತ್ತು ದೇವಿಂದ್ರ ನೌಕರಿಗೆ ಬಂದ. ಲ್ಯಾಬು ಎಲ್ಲಿ ಕಟ್ಟಿಸೋಣ ಎಂದು ಸಾಹೇಬರು ನಕ್ಷೆ ಹಾಸಿದಾಗ ದೇವಿಂದ್ರನೇ ಆ ದಿಬ್ಬದ ಮೇಲೆ ಬೆರಳಿಟ್ಟು ತೋರಿಸಿದ್ದ. ಇಡೀ ಆವರಣದಲ್ಲಿ ನೀರು ನಿಲ್ಲದ ಜಾಗ ಅದೊಂದೇ. ಲೆಕ್ಕದ ಪ್ರಕಾರ ಒಣಕೋಣೆ ಅಲ್ಲೇ ಬರಬೇಕು. ಲೆಕ್ಕ ಸರಿಯಿತ್ತು. ಅಪ್ಪನ ಲೆಕ್ಕವೂ ಅದೇ ಇತ್ತಲ್ಲ.

ಬುನಾದಿ ತೋಡುವ ದಿನ ಅವನು ರಜೆ ಹಾಕಿ ಯಾದಗಿರಿಯಲ್ಲಿ ಒಂಬತ್ತು ಚಹಾ ಕುಡಿದ. ಸಂಜೆ ಅವ್ವ ಸಾಯಬಮ್ಮನಿಗೆ ಫೋನ್ ಮಾಡಿ, ಗೋರಿಗೆ ಏನೂ ಆಗಿಲ್ಲ, ಕಂಪೌಂಡಿನ ಅಂಚಿಗೆ ಬಂದಿದೆ, ಗುರುತಿಗೆ ಒಂದು ಬೇವಿನ ಸಸಿ ನೆಡಿಸಿದ್ದೇನೆ ಎಂದ. ಮರುದಿನ ಬಂದು ಬೇವಿನ ಸಸಿ ನೆಡಿಸಿದ. ಸುಳ್ಳಿಗೂ ಅವನು ಬೇರು ಬಿಡಿಸಬಲ್ಲ. ಸಸಿ ಆಳೆತ್ತರ ಬೆಳೆದಿತ್ತು.

ಅಪ್ಪ ತೊಯ್ಯಲಿಲ್ಲ ನಿಜ. ಜಗತ್ತಿನಲ್ಲಿ ಇಷ್ಟು ಖರ್ಚು ಮಾಡಿ ಅಪ್ಪನನ್ನು ಒಣಗಿಸಿ ಇಟ್ಟ ಮಗ ಇನ್ನೊಬ್ಬ ಇದ್ದರೆ ತೋರಿಸಲಿ.

ಗೇಟಿನ ಹೊರಗೆ ಸಾಯಬಮ್ಮ ಬುಟ್ಟಿಯನ್ನು ತಲೆಯಿಂದ ಇಳಿಸಿರಲಿಲ್ಲ. ಕೈಯಲ್ಲಿ ನೀರಿನ ತಂಬಿಗೆ. ಪಕ್ಕದಲ್ಲಿ ಕಾಕಾ ಸಾಬಣ್ಣ, ಹೆಗಲಿಗೆ ಹಳದಿ ವಲ್ಲಿ, ಕಣ್ಣಲ್ಲಿ ಕಿಡಿಗೇಡಿತನ. ಎಪ್ಪತ್ತು ದಾಟಿದ್ದ, ನಾಲಿಗೆಗೆ ಮಾತ್ರ ಇನ್ನೂ ಇಪ್ಪತ್ತು.

"ಯಾಕ ಬಂದ್ರಿ ಇಷ್ಟ ಜಲ್ದಿ?"

"ಕೇಳಿದೇನ ವೈನಿ? ಹಬ್ಬದ ದಿನ ಮಗ ಕೇಳೋ ಮಾತು." ಸಾಬಣ್ಣ ಗೇಟಿನ ಕಾವಲುಗಾರನಿಗೂ ಕೇಳುವಂತೆ ಹೇಳಿದ. "ಮೂರು ವರ್ಷ ನಿಮ್ಮವ್ವನ ಕೈಲಿ ಕಂಪನಿ ಗ್ವಾಡಿಗಿ ಹೋಳಿಗಿ ಉಣಿಸಿದೆಲ್ಲೋ ಡಾಕ್ಟರ. ಅದಕ್ಕ ನೋಡು, ಗ್ವಾಡಿ ಎಷ್ಟ ದಪ್ಪ ಆಗೇದ."

"ಕಾಕಾ, ಇವತ್ತ ದೊಡ್ಡ ಸಾಹೇಬ್ರು ಬರ್ತಾರ."

"ನಮ್ಮ ದೊಡ್ಡ ಸಾಹೇಬ ಒಳಗ ಮಲಗ್ಯಾನ. ಅವನ್ನ ನೋಡಾಕ ಬಂದೀವಿ."

"ನಾಳೆ ಬರ್ರಿ. ನಾನೇ ಕರಕೊಂಡ ಹೋಗ್ತೀನಿ."

"ನಾಳೆ ಅಮಾಸಿ ಇರ್ತದೇನು?"

ಸಾಯಬಮ್ಮ ಇಷ್ಟು ಹೊತ್ತೂ ಮಗನ ಮುಖ ನೋಡುತ್ತಿದ್ದಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಉತ್ತರ ಕೊಡಲು ಬರುತ್ತಿತ್ತು. "ಎಷ್ಟೊತ್ತು ಬೇಕು ದೇವ್ಯಾ, ಒಂದ ಎಲಿ ಅಡಕಿ ತಿನ್ನೋವಷ್ಟು. ಖರೆ ಜಾಗಾದಾಗ ಒಮ್ಮೆ ಎಡಿ ಇಟ್ಟು ಹೋಗ್ತೀನಿ. ಮುಂದಿನ ವರ್ಷ ನಾ ಇರ್ತೀನೋ ಇಲ್ಲೋ ಅನ್ನಂಗಿಲ್ಲ, ಇರ್ತೀನಿ. ಆದ್ರ ಈ ವರ್ಷದ್ದು ಈ ವರ್ಷ."

ದೇವಿಂದ್ರ ಗಡಿಯಾರ ನೋಡಿದ. ಹತ್ತೂಕಾಲು. ಗೇಟಿನಲ್ಲಿ ಜಗಳವಾಗಿ, ಸಾಹೇಬರ ಕಾರು ಬಂದು, ಹೋಳಿಗೆ ಬುಟ್ಟಿಯನ್ನು ನಡುವೆ ಇಟ್ಟುಕೊಂಡು ಪಂಚಾಯಿತಿ ನಡೆಯುವುದಕ್ಕಿಂತ ಎರಡು ನಿಮಿಷ ಒಳಗೆ ಬಿಡುವುದು ಸೋವಿ. ಇದನ್ನು ಅವನು ಮಗನ ಮನಸ್ಸು ಕರಗಿದ್ದೆಂದು ತನಗೆ ತಾನೇ ಹೇಳಿಕೊಂಡ.

ಸಾಬಣ್ಣ ನೇರ ಒಳಗೆ ಬರಲಿಲ್ಲ. ರಸ್ತೆಯ ಸಣ್ಣ ಸೇತುವೆಯವರೆಗೆ ಹಿಂದೆ ಹೋಗಿ, ಅಲ್ಲಿಂದ ಹೆಜ್ಜೆ ಎಣಿಸುತ್ತ ಬಂದ. ಹೊಲ ಉತ್ತವನ ಕಾಲು, ದಿಕ್ಕು ತಪ್ಪಲಿಲ್ಲ. ಕಾವಲುಗಾರನನ್ನು ದಾಟಿ, ಹೂಕುಂಡ ದಾಟಿ, ಲ್ಯಾಬಿನ ಓಣಿಯಲ್ಲಿ ಬಿಳಿ ಕೋಟಿನ ಹುಡುಗಿಯರು ಗೋಡೆಗೆ ಸರಿದು ನಿಲ್ಲುವಂತೆ, "ಎರಡನೂರಾ ಮೂರು, ಎರಡನೂರಾ ನಾಕು" ಎನ್ನುತ್ತ ಬಂದು ಒಣಕೋಣೆಯ ಬಾಗಿಲಿಗೆ ಹಣೆ ಹಚ್ಚಿ ನಿಂತ.

"ಇನ್ನ ಒಂಬತ್ತ ಹೆಜ್ಜಿ ಉಳದಾವ," ಎಂದ.

ದೇವಿಂದ್ರ ನಿಯಮಗಳನ್ನು ಹೇಳಿದ. ಚಪ್ಪಲಿ ಹೊರಗೆ. ಕೋಟು, ಮಾಸ್ಕು, ಗ್ಲೌಸು, ತಲೆಗೆ ಟೊಪ್ಪಿಗೆ. ದೀಪ ಬೇಡ, ಸ್ಪಿರಿಟ್ ಇದೆ, ಹೊತ್ತುತ್ತದೆ. ಊದಿನಕಡ್ಡಿ ಬೇಡ. ನೀರು ಮಾತ್ರ ಬೇಡವೇ ಬೇಡ. ಎಡೆಯೂ ಬೇಡ, ಹೋಳಿಗೆಯಲ್ಲಿ ಹಸಿ ಇರುತ್ತದೆ. ಮಾತು ಕಡಿಮೆ.

"ಉಸುರು?" ಸಾಬಣ್ಣ ಕೇಳಿದ.

"ಜರಾ ಕಡಿಮಿ ಬಿಡ್ರಿ."

"ನೀರಿಲ್ಲ, ದೀಪ ಇಲ್ಲ, ಎಡಿ ಇಲ್ಲ, ಉಸುರಿಲ್ಲ. ಹಂಗಾದ್ರ ನಾವೂ ಅವನ ಬಾಜೂಕ ಮಲಗೂದೇ ಛಲೋ."

ಸಾಯಬಮ್ಮ ಏನೂ ಅನ್ನದೆ ಬುಟ್ಟಿ ಇಳಿಸಿದಳು, ತಂಬಿಗೆ ಬಾಗಿಲಲ್ಲಿಟ್ಟಳು. ಮಸ್ತಾನಸಾಬ ಅವಳಿಗೆ ಕೋಟು ಹಿಡಿದ. ಇಳಕಲ್ ಸೀರೆಯ ಮೇಲೆ ಬಿಳಿ ಕೋಟು, ಕುಂಕುಮವಿಲ್ಲದ ಹಣೆಯ ತನಕ ನೀಲಿ ಟೊಪ್ಪಿಗೆ. ಗ್ಲೌಸು ಬೆಳ್ಳಿ ಕಡಗಕ್ಕೆ ಸಿಕ್ಕಿಕೊಂಡಿತು. ನೋಡಿದವರು ಇವಳೇ ಹೈದರಾಬಾದಿನಿಂದ ಬಂದ ದೊಡ್ಡ ವಿಜ್ಞಾನಿ ಎನ್ನಬೇಕು. ಅವಳು ಕೈಗಳನ್ನು ಎದುರಿಗೆ ಎತ್ತಿ ಹಿಡಿದು, ಯಾರದೋ ಕೈ ನೋಡಿದಂತೆ ನೋಡಿದಳು.

ಒಳಗೆ ಹೋದರು. ಎರಡು. ಎರಡೂವರೆ.

"ಎಲ್ಲೈತಿ ನಮ್ಮ ನಾಕು ಎಕರೆ?" ಸಾಬಣ್ಣ ಮಾಸ್ಕಿನೊಳಗಿಂದ ಕೇಳಿದ. ಹೋದ ವರ್ಷ ಜಮೀನು ಕೊಟ್ಟವರನ್ನೆಲ್ಲ ಕರೆದು ಶಾಲು ಹೊದಿಸಿದ ಸಮಾರಂಭದಲ್ಲಿ ದೇವಿಂದ್ರ ಹುರುಪಿನಿಂದ ಭಾಷಣ ಮಾಡಿದ್ದ: ಈ ಪುಡಿಯ ಒಂದು ಗ್ರಾಂನಲ್ಲಿ ಮೂರು ಗುಂಟೆ ಜಾಗವಿದೆ, ಐವತ್ನಾಲ್ಕು ಗ್ರಾಂ ಅಂದರೆ ನಮ್ಮ ನಾಲ್ಕು ಎಕರೆ ಒಂದು ಬಾಟಲಿಯಲ್ಲಿ! ಚಪ್ಪಾಳೆ ಬಿದ್ದಿತ್ತು. ಅವತ್ತಿನಿಂದ ಊರಲ್ಲಿ ಯಾರ ಮನೆಯಲ್ಲಿ ಹಿಟ್ಟು ಚೆಲ್ಲಿದರೂ, "ಅಯ್ಯೋ, ಎರಡೆಕರೆ ಹೋತು" ಎನ್ನುತ್ತಿದ್ದರು.

ದೇವಿಂದ್ರ ಗಾಜಿನ ಪೆಟ್ಟಿಗೆ ತೋರಿಸಿದ. ಸಾಬಣ್ಣ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ.

"ಬದು ಹಾಕಿಲ್ಲಲ್ಲೋ," ಎಂದ.

ಮೂರು.

"ಎಲ್ಲಿ?" ಸಾಯಬಮ್ಮ ಕೇಳಿದಳು.

ದೇವಿಂದ್ರ ಹಿಂದಿನ ಮೂಲೆಗೆ ಕೈ ಮಾಡಿದ. ಅಲ್ಲಿ ಗಾಳಿ ಎಳೆಯುವ ಪಂಪು ಗುರುಗುಡುತ್ತಿತ್ತು. ಕೆಳಗೆ ಕನ್ನಡಿಯಂತೆ ಹೊಳೆಯುವ ಬೂದು ಬಣ್ಣದ ನೆಲ, ಒಂದು ಬಿರುಕಿಲ್ಲ, ಒಂದು ಕಣ ಧೂಳಿಲ್ಲ. ಅವಳು ಪಂಪಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತಳು. ಗ್ಲೌಸಿನ ಕೈಯನ್ನು ನೆಲದ ಮೇಲಿಟ್ಟಳು. ಏನೂ ತಿಳಿಯಲಿಲ್ಲವೇನೋ, ಮಗನ ಕಡೆ ಒಮ್ಮೆ ನೋಡಿ, ಗ್ಲೌಸು ಕಳಚಿ, ಬರಿಗೈ ಇಟ್ಟಳು.

"ತಣ್ಣಗದ," ಎಂದಳು.

ಆಮೇಲೆ ನೆಲಕ್ಕೆ ಬಾಗಿ, ಗುಟ್ಟು ಹೇಳುವ ಹಾಗೆ: "ಇಲ್ಲಿದ್ದೀರೇನು ನೀವು? ನಾವು ಆ ಕಡಿ ಹುಡುಕಾಕತ್ತಿದ್ದಿವಲ್ರಿ."

ಮಾಸ್ಕು ಒಳಗೂ ಹೊರಗೂ ಆಡತೊಡಗಿತು. ಸದ್ದಿಲ್ಲ. ಮಾಸ್ಕಿನ ಮೇಲಂಚು ಮಾತ್ರ ಒದ್ದೆಯಾಗಿ, ನೀಲಿ ಬಣ್ಣ ಗಾಢವಾಗುತ್ತ ಬಂತು. ಸಾಬಣ್ಣ ಟೊಪ್ಪಿಗೆ ತೆಗೆದು ನಿಂತ. ಬಾಗಿಲ ಬಳಿ ಮಸ್ತಾನಸಾಬ ಎರಡೂ ಅಂಗೈ ಮೇಲೆ ಮಾಡಿ ಕಣ್ಣು ಮುಚ್ಚಿದ.

ಐದು. ಆರು. ಆರೂವರೆ. ದೇವಿಂದ್ರನ ಕಣ್ಣು ಅಂಕಿಯ ಮೇಲಿತ್ತು. ಮನುಷ್ಯರ ಒಳಗೆ ಇಷ್ಟು ನೀರು ತುಂಬಿಟ್ಟವನು ಯಾರೋ, ಅವನಿಗೆ ರಸಾಯನಶಾಸ್ತ್ರ ಗೊತ್ತಿರಲಿಲ್ಲ. ಏಳು. ಎಂಟಕ್ಕೆ ಗಂಟೆ ಹೊಡೆದುಕೊಳ್ಳುತ್ತದೆ, ಓಣಿಯಲ್ಲಿ ಕೆಂಪು ದೀಪ ಹತ್ತುತ್ತದೆ, ಎಲ್ಲರೂ ಓಡಿಬರುತ್ತಾರೆ. ಏಳೂಮುಕ್ಕಾಲು.

"ಅವ್ವಾ," ಎಂದ ಅವನು, ಮೀಟರಿನಿಂದ ಕಣ್ಣು ತೆಗೆಯದೆ. "ಹೊರಗ ಹೋಗಿ ಅಳು."

ಪಂಪು ಗುರುಗುಟ್ಟಿತು. ಹೇಳಿದ ಮಾತು ಕೋಣೆಯಲ್ಲಿ ಒಣಗಿಯೇ ಉಳಿಯಿತು. ಹೀರಿಕೊಳ್ಳಲು ಯಾರೂ ಮುಂದೆ ಬರಲಿಲ್ಲ.

ಸಾಯಬಮ್ಮ ಎದ್ದಳು. ಮಂಡಿಗೆ ಕೈ ಊರಿ, ನಿಧಾನ. ಅಳು ಎಲ್ಲಿ ನಿಂತಿತೆಂದು ಯಾರಿಗೂ ಕಾಣಲಿಲ್ಲ, ನಲ್ಲಿ ತಿರುವಿದ ಹಾಗೆ. "ಆತು ಬಿಡಪ್ಪ," ಎಂದಳು. "ಜಾಗಾ ನೋಡಿದೆನಲ್ಲ."

ಓಣಿಯಲ್ಲಿ ಸಾಬಣ್ಣ ಕೋಟಿನ ಗುಂಡಿ ಬಿಚ್ಚುತ್ತ ನಿಂತ. ಇಷ್ಟು ಹೊತ್ತಿನ ಕಿಡಿಗೇಡಿತನ ಮುಖದಲ್ಲಿರಲಿಲ್ಲ. "ಬುನಾದಿ ತೋಡಿದಾಗ ಏನರ ಸಿಕ್ತೇನು?"

"ಏನೂ ಇಲ್ಲ ಕಾಕಾ. ಬರೇ ಗರಸು ಮಣ್ಣು."

"ನೋಡಿದ್ಯಾ?"

"ಹ್ಞೂಂ."

"ಛಲೋ ಆತು," ಎಂದ ಸಾಬಣ್ಣ. ಮಸ್ತಾನಸಾಬ ಗೋಡೆ ನೋಡುತ್ತಿದ್ದ, ತಾನು ಕಟ್ಟಿದ ಗೋಡೆ ಓರೆಯಾಗಿದೆಯೇ ಎಂಬಂತೆ.

ದೇವಿಂದ್ರ ಅವರನ್ನು ಗೇಟಿನ ತನಕ ಕಳಿಸಲು ಹೋಗಲಿಲ್ಲ. ಮೀಟರ್ ಇಳಿಯುವುದನ್ನು ನೋಡಬೇಕಿತ್ತು. ಎರಡಕ್ಕೆ ಬರಲು ಹತ್ತೊಂಬತ್ತು ನಿಮಿಷ ಹಿಡಿಯಿತು. ಹತ್ತೊಂಬತ್ತು ನಿಮಿಷ ಅವನು ಆ ಕೋಣೆಯಲ್ಲಿ ಅವ್ವನ ಅಳುವಿನೊಂದಿಗೆ ಇದ್ದ, ಯಂತ್ರ ಅದನ್ನು ಪೂರ್ತಿ ಹೀರಿ ಹೊರಗೆ ಊದುವ ತನಕ.

ಹನ್ನೊಂದಕ್ಕೆಂದ ಸಾಹೇಬರು ಹನ್ನೆರಡಕ್ಕೆ ಬಂದರು. ಐರಾವತ ಬಂದ ಹಾಗೆ, ಬಿಳಿ ಕಾರು, ಬಿಳಿ ಷರ್ಟು. ತೆಲುಗು, ಹಿಂದಿ, ಇಂಗ್ಲಿಷು ಮೂರನ್ನೂ ಒಂದೇ ವಾಕ್ಯದಲ್ಲಿ ಕಲಸಿ ಮಾತಾಡುವ ಅವರು ಕನ್ನಡ ಬಂದರೆ ಬರೀ ನಗುತ್ತಿದ್ದರು. ದೇವಿಂದ್ರ ಗಾಜಿನ ಪೆಟ್ಟಿಗೆಯ ರಬ್ಬರ್ ಕೈಗವಸಿನೊಳಗೆ ಕೈ ತೂರಿಸಿ, ಪುಡಿಯನ್ನು ಸಣ್ಣ ಕೊಳವೆಗೆ ತುಂಬಿ, ಪೆಟ್ಟಿಗೆಯೊಳಗೇ ಬಿರಡೆ ಹಾಕಿದ. ಕೊಳವೆ ಯಂತ್ರಕ್ಕೆ ಹೋಯಿತು. ಯಂತ್ರ ನೈಟ್ರೋಜನ್ನನ್ನು ಪುಡಿಯ ಮೈಮೇಲೆ ಒಂದೊಂದೇ ಪದರ ಹಾಸಿ, ಎಷ್ಟು ಹಾಸಿಗೆ ಹಿಡಿಯಿತು ಎಂದು ಎಣಿಸುತ್ತದೆ. ತಹಶೀಲ್ದಾರರ ಕಚೇರಿಯ ಮೋಜಣಿಗಿಂತ ಜಲ್ದಿ: ಮೂರು ತಾಸು.

ಮೂರು ತಾಸು ಸಾಹೇಬರು ಗೆಸ್ಟ್‌ಹೌಸಿನಲ್ಲಿ ಬಿರಿಯಾನಿ ತಿಂದರು. ದೇವಿಂದ್ರ ತಿನ್ನಲಿಲ್ಲ, ಅಮಾವಾಸ್ಯೆ ಎಂದ. ಸಾಹೇಬರು ಮೆಚ್ಚಿ, "ಸಂಪ್ರದಾಯಂ, ಗುಡ್" ಎಂದರು.

ಮೂರೂವರೆಗೆ ಯಂತ್ರ ಕಾಗದ ಉಗುಳಿತು.

ಇನ್ನೂರ ತೊಂಬತ್ತೊಂದು.

ಸಾಹೇಬರು ಅವನ ಬೆನ್ನಿಗೆ ಹೊಡೆದ ಹೊಡೆತ ರಾಯಚೂರಿಗೆ ಕೇಳಿಸಿರಬೇಕು. ಘಟಕ, ಬಡ್ತಿ, ಜರ್ಮನಿಗೆ ಒಂದು ಪ್ರವಾಸ ಎಂದೆಲ್ಲ ಬೆರಳು ಮಡಚಿದರು. ದೇವಿಂದ್ರ ನಗಬೇಕಾದಲ್ಲಿ ನಕ್ಕ. ಕಾಗದವನ್ನು ಎರಡು ಸಲ ಓದಿದ, ಅದು ಬೇರೆ ಯಾರದೋ ರಕ್ತಪರೀಕ್ಷೆಯ ವರದಿ ಎಂಬಂತೆ. ಪುಡಿ ಬೆಳಿಗ್ಗೆಯಿಂದ ಗಾಜಿನ ಪೆಟ್ಟಿಗೆಯಲ್ಲೇ ಇತ್ತು. ಆ ಪೆಟ್ಟಿಗೆಯೊಳಕ್ಕೆ ಕೋಣೆಯ ಗಾಳಿ ಹಾಯುವುದಿಲ್ಲ. ಒಬ್ಬ ಹೆಂಗಸಿನ ಕಣ್ಣೀರಿರಲಿ, ನಾರಾಯಣಪುರದ ಅಣೆಕಟ್ಟು ಒಡೆದು ಬಂದರೂ ಆ ರಬ್ಬರು, ಆ ಗಾಜು ತಡೆಯುತ್ತಿದ್ದವು. ಇದು ಅವನಿಗೆ ಈಗ ಹೊಳೆದದ್ದಲ್ಲ. ಬೆಳಿಗ್ಗೆ ಹತ್ತೂವರೆಗೂ ಗೊತ್ತಿತ್ತು.

"ಅದೇನು?" ಹೊರಡುವ ಮೊದಲು ಒಣಕೋಣೆಗೆ ಇಣುಕಲು ಬಂದ ಸಾಹೇಬರು ಮೂಲೆಗೆ ಬೆರಳು ಮಾಡಿದರು.

ಪಂಪಿನ ಪಕ್ಕ, ನೆಲದ ಮೇಲೆ, ಒಂದು ದಪ್ಪ ಗಾಜಿನ ಗುಡಾಣ. ಸ್ಯಾಂಪಲ್ಲುಗಳಿಗೆ ತೇವ ತಾಗದಂತೆ ಮುಚ್ಚಿಡುವ ಪಾತ್ರೆ ಅದು. ಮುಚ್ಚಳದ ಅಂಚಿಗೆ ಗ್ರೀಸು, ತಳದಲ್ಲಿ ನೀರು ಹೀರುವ ನೀಲಿ ಹರಳು, ಹರಳಿನ ಮೇಲೆ ತೂತಿನ ಬಿಲ್ಲೆ. ಬಿಲ್ಲೆಯ ಮೇಲೆ ಎರಡು ಹೋಳಿಗೆ. ಒಂದು ಚಿಟಿಕೆ ಪುಂಡಿಪಲ್ಯ. ಅನ್ನದ ಒಂದು ತುತ್ತು. ಪಕ್ಕದಲ್ಲಿ ಒಂದು ಬೀಡಿ.

ದೇವಿಂದ್ರನ ಬಾಯಿ ತಾನಾಗಿ ತೆರೆಯಿತು. "ಹೋಲಿಸಿ ನೋಡಲಿಕ್ಕೆ ಇಟ್ಟ ಸ್ಯಾಂಪಲ್, ಸರ್. ಹಳೆಯದು."

"ಹಳದಿ ಇದೆ?"

"ಕಲ್ಮಶ, ಸರ್."

"ಚೀಟಿ ಎಲ್ಲಿ? ಚೀಟಿ ಇಲ್ಲದ ಪಾತ್ರೆ ನನ್ನ ಲ್ಯಾಬಿನಲ್ಲಿ ಇರಬಾರದು, ಡಾಕ್ಟರ್. ನೀವು ಈಗ ಮುಖ್ಯಸ್ಥರು."

ಕಾರಿನ ಧೂಳು ಅಡಗಿದ ಮೇಲೆ ಅವನು ಮಸ್ತಾನಸಾಬನನ್ನು ಸೈಕಲ್ ಸ್ಟ್ಯಾಂಡಿನಲ್ಲಿ ಹಿಡಿದ.

"ಯಾರು ಇಟ್ಟವರು ಅದನ್ನ?"

"ನಾನೇ ರಿ. ನೀವು ಊಟಕ್ಕ ಹೋದಾಗ." ಮಸ್ತಾನಸಾಬನ ಮುಖದಲ್ಲಿ ತಪ್ಪು ಮಾಡಿದ ಕಳೆಯೇ ಇರಲಿಲ್ಲ, ಒಳ್ಳೆ ಗೋಡೆ ಎಬ್ಬಿಸಿದ ಗೌಂಡಿಯ ಕಳೆ ಇತ್ತು. "ಹೋಳಿಗಿ ಹಸಿ ಹೊರಗ ಬರಬಾರದು ಅಂದ್ರಲ್ಲ. ಆ ಡಬ್ಬಿಯಿಂದ ಗಾಳಿನೂ ಹೊರಗ ಹಾಯಂಗಿಲ್ಲ ಅಂತ ನೀವಾ ಕಲಿಸೀರಿ. ಅದರಾಗ ಇಟ್ಟು, ಛಂದಂಗ ಗ್ರೀಸ್ ಹಚ್ಚಿ ಮುಚ್ಚಿ, ಜಾಗಾದ ಮ್ಯಾಲ ಇಟ್ಟೆ. ಮೀಟರ್ ನೋಡಿದೆ, ಅಳಗಾಡಿಲ್ಲ. ನಿಮ್ಮ ಕೆಲಸಾನೂ ಆತು, ಅಕಿ ಕೆಲಸಾನೂ ಆತು."

"ಬೀಡಿ?"

"ಅದು ನಂದು."

ದೇವಿಂದ್ರ ಗೇಟಿನ ಕಡೆ ನೋಡಿದ. "ಅವ್ವ ಹೋದ್ಲೇನು?"

"ಮೂರು ಗಂಟಿ ಗಾಡಿಗಿ. ಗೇಟಿನಾಗ ಕುಂತಿದ್ಲು ಅಲ್ಲೀತನ. ನಿಮ್ಮನ್ನ ಕರಿ ಅಂದ್ಲು. ಮಷಿನ್ ನಡದದ ಅಂದೆ. ಇರ್ಲಿ ಬಿಡು, ಕೆಡಿಸಬ್ಯಾಡ ಅಂದ್ಲು. ಎಡಿ ಇಟ್ಟೇನಿ ಅಂದಿದ್ದಕ್ಕ ಬಾಳ ಖುಷಿ ಆದ್ಲರಿ. ತಂಬಿಗಿ ನೀರು ಆ ಹೂಕುಂಡಕ್ಕ ಹಾಕಿ ಹೋದ್ಲು."

"ಮುಚ್ಚಿದ ಡಬ್ಬಿಯೊಳಗಿಂದ ಹಿರೇರು ಹ್ಯಾಂಗ ಉಣ್ತಾರ, ಮಸ್ತಾನಸಾಬ?"

ಕೇಳಿದ್ದು ತಮಾಷೆಗೆ. ಧ್ವನಿ ಹಾಗೆ ಬರಲಿಲ್ಲ.

"ಅದು ನಿಮ್ಮ ಸೈನ್ಸರಿ," ಎಂದ ಮಸ್ತಾನಸಾಬ, ಸೈಕಲ್ಲಿನ ಬೀಗ ತೆಗೆಯುತ್ತ. "ನಾ ಬರೇ ಗ್ವಾಡಿ ಕಟ್ಟವ."

ಐದು ಗಂಟೆಗೆ ಲ್ಯಾಬು ಖಾಲಿಯಾಯಿತು. ದೇವಿಂದ್ರ ಚೀಟಿಯ ಪುಸ್ತಕ ತೆಗೆದುಕೊಂಡು ಒಣಕೋಣೆಗೆ ಹೋಗಿ ಮೂಲೆಯಲ್ಲಿ ಕುಕ್ಕರಗಾಲಿನಲ್ಲಿ ಕೂತ. ಚೀಟಿಯಲ್ಲಿ ಮೂರು ಸಾಲು ಅಚ್ಚಾಗಿತ್ತು: ವಸ್ತು, ತಾರೀಖು, ಹೊಣೆ. ತಾರೀಖು ಬರೆದ. ಹೊಣೆಯ ಮುಂದೆ ತನ್ನ ಹೆಸರು ಬರೆದ, ಡಾಕ್ಟರ್ ಸಮೇತ. ವಸ್ತುವಿನ ಮುಂದೆ ಪೆನ್ನು ನಿಂತಿತು. ಬಹಳ ಹೊತ್ತು ನಿಂತಿತು. ಆ ಸಾಲನ್ನು ಹಾಗೇ ಬಿಟ್ಟು, ಕೈಗೆ ರೂಢಿಯಾಗಿದ್ದ ಎಚ್ಚರಿಕೆಯನ್ನು ಕೆಳಗೆ ದಪ್ಪಕ್ಷರದಲ್ಲಿ ಬರೆದ: ಮುಟ್ಟಬಾರದು. ಮಾಸ್ಕು ಇಳಿಸಿ, ನಾಲಿಗೆಯಿಂದ ನೆಕ್ಕಿ ಅಂಟಿಸಲು ನೋಡಿದ. ನಾಲಿಗೆಯಲ್ಲಿ ಪಸೆ ಇರಲಿಲ್ಲ. ಟೇಪು ಹಚ್ಚಿದ.

ಮುಚ್ಚಳದ ಗುಬುಟಿನ ಮೇಲೆ ಕೈ ಇಟ್ಟ. ಪಕ್ಕಕ್ಕೆ ಸರಿಸಿದರೆ ತೆರೆಯುತ್ತದೆ. ಸರಿಸಿದ. ಗ್ರೀಸು ಬಿಗಿದಿತ್ತು, ಅಥವಾ ಅವನು ಸರಿಸಲಿಲ್ಲ. ಗ್ಲೌಸಿನ ಕೈಗೆ ವ್ಯತ್ಯಾಸ ತಿಳಿಯಲಿಲ್ಲ.

ಗಾಜಿನೊಳಗೆ ಹೋಳಿಗೆಯ ಅಂಚು ಆಗಲೇ ಮೇಲಕ್ಕೆ ಮುರುಟಿ, ನಡುವೆ ಒಂದು ಸಣ್ಣ ಬಿರುಕು ಬಿಟ್ಟಿತ್ತು. ಅನ್ನದ ಅಗುಳು ಒಂದರಿಂದ ಒಂದು ಬಿಡಿಸಿಕೊಂಡು ದೂರವಾಗುತ್ತಿದ್ದವು. ತಳದಲ್ಲಿ ಎಡೆಯ ತೇವವನ್ನು ಕುಡಿಯುತ್ತ ನೀಲಿ ಹರಳುಗಳು ಗುಲಾಬಿ ಬಣ್ಣಕ್ಕೆ ತಿರುಗುತ್ತಿದ್ದವು, ಒಂದು, ಅದರ ಪಕ್ಕದ್ದೊಂದು, ಮತ್ತೊಂದು, ಯಾರೋ ಅವಸರವಿಲ್ಲದೆ ಕೂತು ಉಣ್ಣುತ್ತಿರುವ ಹಾಗೆ.